ಬಂದೋಬಸ್ತ್‌ನಲ್ಲಿ ಲಾಠಿ ಹಿಡಿಯೋದು: ನನ್ನ ಅನುಭವ

ತುಮಕೂರು ಜಿಲ್ಲೆಲಿ ಪೊಲೀಸ್ ಕೆಲಸದಲ್ಲಿದೀನಿ. ಲಾಠಿ ಅಂದ್ರೆ ಜನಕ್ಕೆ ಏಟೇ ನೆನಪಾಗೋದು, ಆದ್ರೆ ನನ್ನ ಕೈಲಿ ಅದು ಜಾಸ್ತಿ ಕೆಲಸ ಮಾಡಿರೋದು ಅಡ್ಡ ಹಿಡಿದಾಗ.

ಶಿವರಾತ್ರಿ ಟೈಮಲ್ಲಿ ಸಿದ್ಧಗಂಗಾ ಜಾತ್ರೆ ನಡೆಯುತ್ತಲ್ಲ, ತೇರು ಎಳೆಯುವಾಗ ಎಲ್ಲರ ಕಣ್ಣೂ ಮೇಲೆ ಕಳಸದ ಕಡೆ, ಕೆಳಗೆ ಚಕ್ರ ಯಾರೂ ನೋಡಲ್ಲ, ಹಿಂದಿನವರು ತಳ್ತಾನೇ ಇರ್ತಾರೆ. ಅಲ್ಲಿ ನಾವು ಲಾಠಿನ ಸೊಂಟದ ಮಟ್ಟಕ್ಕೆ ಅಡ್ಡ ಹಿಡ್ದು, ಪಕ್ಕದವನ ಲಾಠಿ ತುದೀನೂ ನಮ್ಮ ಮುಷ್ಟಿಲೇ ಸೇರಿಸ್ಕೊಂಡು, ಒಂದು ಕಾಲು ಹಿಂದೆ ಊರಿ ಮಂಡಿ ಸ್ವಲ್ಪ ಮಡ್ಚಿ ನಿಲ್ತೀವಿ. ಎದೆ ಮಟ್ಟಕ್ಕೆ ಎತ್ತಬಾರ್ದು, ಮುಂದಿನ ಸಾಲಲ್ಲಿರೋ ಮಕ್ಕಳ ಕತ್ತಿಗೆ ಒತ್ತುತ್ತೆ. ತಳ್ಳೋಕೂ ಹೋಗಬಾರ್ದು, ತಳ್ಳಿದ್ರೆ ಮೊದಲು ಬೀಳೋದು ವಯಸ್ಸಾದೋರು. ಹೊಸದಾಗಿ ಬರೋ ಹುಡುಗರಿಗೆ ನಾನು ಮೊದಲು ತೋರಿಸೋದೇ ಇದು.

ಗುಂಪು ಚದುರಿಸೋದು ಬೇರೆ ವಿಷಯ. ನಮಗೆ ನಾವೇ ಬೀಸೋ ಹಾಗಿಲ್ಲ. 2024ರ ಜುಲೈ 1ರಿಂದ ಬಂದಿರೋ ಬಿಎನ್‌ಎಸ್‌ಎಸ್‌ನಲ್ಲಿ, ಅಂದ್ರೆ ಹಳೇ ಸಿಆರ್‌ಪಿಸಿ (ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ) ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಲಿ, 148ನೇ ಸೆಕ್ಷನ್ ಇದೆ, ಹಿಂದೆ ಸಿಆರ್‌ಪಿಸಿ 129 ಅಂತಿದ್ವಿ, ಮ್ಯಾಜಿಸ್ಟ್ರೇಟ್ರು ಇಲ್ಲಾ ಸ್ಟೇಷನ್ ಇನ್‌ಚಾರ್ಜ್, ಅವರಿಲ್ದಿದ್ರೆ ಪಿಎಸ್ಐಗಿಂತ ಕಮ್ಮಿ ಇಲ್ದಿರೋ ಅಧಿಕಾರಿ ಮೊದಲು ಚದುರಿ ಅಂತ ಹೇಳ್ಬೇಕು, ಕೇಳದೇ ಇದ್ರೆ ಮಾತ್ರ ಬಲ. ಮೈಕಲ್ಲಿ ಕನ್ನಡದಲ್ಲಿ ಗಟ್ಟಿಯಾಗಿ ಎರಡು ಮೂರು ಸಲ ಕೂಗಿದ್ರೆ ಅರ್ಧ ಜನ ಅಲ್ಲೇ ಕರಗ್ತಾರೆ, ಇದು ನಾನು ಕಣ್ಣಾರೆ ಕಂಡಿದ್ದು. ಆದ್ರೆ ಹೋಗೋಕೆ ದಾರಿ ಬಿಟ್ಟಿರ್ಬೇಕು. ಬಿ.ಎಚ್. ರಸ್ತೆ ಥರದ ಕಡೆ ಎರಡೂ ಬದಿ ಅಂಗಡಿ, ಹಿಂದೆ ಮುಂದೆ ನಾವೇ ನಿಂತ್ಬಿಟ್ರೆ ಪಾಪ ಅವರು ಎಲ್ಲಿಗೆ ಓಡ್ಬೇಕು?

ಹೊಡೀಲೇಬೇಕು ಅಂತ ಆರ್ಡರ್ ಬಂದ್ರೆ ಸೊಂಟದ ಕೆಳಗೆ, ತೊಡೆ ಮೀನಖಂಡದ ಮಾಂಸದ ಭಾಗಕ್ಕೆ ಅಷ್ಟೇ. ತಲೆ, ಕತ್ತು, ಬೆನ್ನುಮೂಳೆ ಮುಟ್ಟಬಾರ್ದು. ಭುಜದ ಮೇಲಿಂದ ಎತ್ತಿ ಬೀಸಿದ್ರೆ ಅದು ಎಲ್ಲಿ ಬೀಳುತ್ತೋ ಬೀಸಿದೋನಿಗೇ ಗೊತ್ತಾಗಲ್ಲ, ಅದಕ್ಕೇ ಕೈ ಕೆಳಗೇ ಇಟ್ಕೋಬೇಕು. ಓಡ್ತಿರೋನ ಹಿಂದೆ ಬಿದ್ದು ಹೊಡೆಯೋದು, ಬಿದ್ದೋನಿಗೆ ಹೊಡೆಯೋದು ನಂಗಂತೂ ಒಪ್ಪಿಗೆ ಇಲ್ಲ, ಅದು ಕಾನೂನೂ ಅಲ್ಲ.

ಇನ್ನೊಂದು, ಬಿದಿರು ಲಾಠಿ ಆದ್ರೆ ಡ್ಯೂಟಿಗೆ ಹೋಗೋ ಮುಂಚೆ ಉದ್ದಕ್ಕೂ ಕೈ ಸವರಿ ನೋಡಿ. ಗಿಣ್ಣಿನ ಹತ್ರ ಸೀಳು ಬಿಟ್ಟಿದ್ರೆ ಸಿಬಿರು ಎದ್ದಿರುತ್ತೆ, ಅಡ್ಡ ಹಿಡಿದಾಗ ಜನಕ್ಕೂ ಚುಚ್ಚುತ್ತೆ ನಮ್ಮ ಅಂಗೈಗೂ ಚುಚ್ಚುತ್ತೆ. ಅಂಥದ್ದನ್ನ ವಾಪಸ್ ಕೊಟ್ಟು ಬೇರೆ ಕೇಳಿ ತಗೊಳ್ಳಿ.