ಕ್ಯಾಂಪರ್ ಗಾಡಿ ಕೊಳ್ಳುವ ಮೊದಲು ಅದರ ಕೆಳಗೆ ಮಲಗಿ

ಹಳೆಯದೊಂದು ಕ್ಯಾಂಪರ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಪ್ರವಾಸದ ಗಾಡಿ, ನೋಡಲು ಹೋಗಿದ್ದೆವು. ಹಿಂಬಾಗಿಲು ತೆಗೆದ ಕೂಡಲೇ ನನ್ನ ಹೆಂಡತಿ ಒಳಗಿನ ಮಂಚದ ಮೇಲೆ ಕುಳಿತಳು. ನಾನು ಸಿಂಕಿನ ನಲ್ಲಿ ತಿರುಗಿಸಿದೆ, ನೀರು ಬಂತು. ಅಷ್ಟಕ್ಕೇ ನಮ್ಮಿಬ್ಬರ ಮನಸ್ಸಿನಲ್ಲಿ ವ್ಯಾಪಾರ ಮುಗಿದಿತ್ತು. ಜೊತೆಗೆ ಬಂದ ಬೆಳಗಾವಿ ಉದ್ಯಮಬಾಗದ ಮಿಸ್ತ್ರಿ ಒಳಗೆ ಇಣುಕಲೂ ಇಲ್ಲ. ಗೋಣಿಚೀಲ ಹಾಸಿ ಗಾಡಿಯ ಕೆಳಗೆ ನುಸುಳಿದ. ಐದು ನಿಮಿಷಕ್ಕೆ ಹೊರಬಂದು, "ಸಾಹೇಬ್ರ, ಮಂಚ ಛಲೋ ಐತಿ. ಚಾಸಿಸ್ ಹೋಗೇತಿ" ಎಂದ. ಚಾಸಿಸ್ ಅಂದರೆ ಇಡೀ ಗಾಡಿಯನ್ನು ಹೊತ್ತ ಕಬ್ಬಿಣದ ಚೌಕಟ್ಟು.

ಗಾಡಿ ಗೋವಾದ ಕಡಲ ಬದಿಯಲ್ಲಿ ಓಡಿದ್ದು. ಉಪ್ಪುಗಾಳಿ ತನ್ನ ಕೆಲಸ ಮಾಡಿತ್ತು. ಮೇಲೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು. ಹಳೆ ಗಾಡಿಯ ಹೊಟ್ಟೆ ಮಾತ್ರ ಫಳಫಳ ಹೊಳೆಯುತ್ತಿದ್ದರೆ ಅನುಮಾನ ಪಡಿ. ಸ್ಕ್ರೂಡ್ರೈವರ್ ಹಿಡಿಯಿಂದ ಚಾಸಿಸ್ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಪಾಟಾ (ಪಟ್ಟಿ ಸ್ಪ್ರಿಂಗ್) ಕೂರುವ ಜಾಗ ಮತ್ತು ಕ್ಯಾಬಿನ್ ಹಿಂಬದಿ, ಇವೆರಡನ್ನು ಬಿಡಲೇಬೇಡಿ. ಹಿಂದೆ ಭಾರದ ಪೆಟ್ಟಿಗೆ ಹೊತ್ತ ಪಿಕಪ್ ಬಿರುಕು ಬಿಡುವುದು ಕ್ಯಾಬಿನ್ ಹಿಂದೆಯೇ ಜಾಸ್ತಿ. ಅಲ್ಲಿ ವೆಲ್ಡಿಂಗ್ ಕಂಡರೆ ಚಹಾ ಕುಡಿದು ಎದ್ದು ಬನ್ನಿ.

ನಮ್ಮ ಕಡೆ ಸಿಗುವುದು ಬಹುತೇಕ ಪಿಕಪ್ ಮೇಲೆ ಪೆಟ್ಟಿಗೆ ಕೂರಿಸಿದ ಗಾಡಿಗಳು. ಇಸುಜು ವಿ-ಕ್ರಾಸ್, ಸ್ಕಾರ್ಪಿಯೋ ಗೆಟವೇ, ಟಾಟಾ ಝೆನಾನ್ ಇಂಥವು. ನಾಲ್ಕೂ ಗಾಲಿ ಎಳೆಯುವ ಫೋರ್ ಬೈ ಫೋರ್ ಬೇಕಿದ್ದರೆ ಎಚ್ಚರ, ಗೆಟವೇ ಮತ್ತು ಝೆನಾನ್ ಎರಡೇ ಗಾಲಿ ಎಳೆಯುವ ಮಾದರಿಯಲ್ಲೂ ಬಂದಿವೆ. ಮೈಮೇಲಿನ 4x4 ಸ್ಟಿಕರ್ ನಂಬಬೇಡಿ. ಇಂಜಿನ್ ಬಲವನ್ನು ಮುಂದೆ ಹಿಂದೆ ಹಂಚುವ ನಡುವಿನ ಟ್ರಾನ್ಸ್‌ಫರ್ ಕೇಸಿನಿಂದ ಮುಂದಿನ ಆಕ್ಸಲ್‌ಗೆ ಶಾಫ್ಟ್ ಹೋಗಿದೆಯಾ ನೋಡಿ.

ಫೋರ್ ಬೈ ಫೋರ್ ಪರೀಕ್ಷೆಯನ್ನು ಒಣ ಡಾಂಬರಿನ ಮೇಲೆ ಮಾಡಬೇಡಿ. ಇಂಥ ಗಾಡಿಯಲ್ಲಿ ತಿರುವಿನಲ್ಲಿ ಗಾಲಿಗಳು ಒಂದಕ್ಕೊಂದು ಜಗ್ಗಾಡಿ ಗೇರಿನ ಮೇಲೆ ಭಾರ ಬೀಳುತ್ತದೆ. ಬೈಲಹೊಂಗಲ ಕಡೆ ಎರೆ ಹೊಲದ ಬದಿ ಸಾಕು, ಒಂದು ಮಳೆ ಬಿದ್ದಿದ್ದರೆ ಇನ್ನೂ ಒಳ್ಳೆಯದು. ಇನ್ನೊಬ್ಬರಿಗೆ ಓಡಿಸಲು ಕೊಟ್ಟು ನೀವು ಪಕ್ಕದಲ್ಲಿ ನಿಲ್ಲಿ. ಟೂ-ಎಚ್ ಅಂದರೆ ಎರಡು ಗಾಲಿ, ಫೋರ್-ಎಚ್ ನಾಲ್ಕು ಗಾಲಿ, ಫೋರ್-ಎಲ್ ನಾಲ್ಕು ಗಾಲಿಯ ನಿಧಾನದ ಗೇರ್. ಟೂ-ಎಚ್‌ನಲ್ಲಿ ಹಿಂದಿನ ಗಾಲಿ ಮಾತ್ರ ಮಣ್ಣು ಎರಚಬೇಕು, ಫೋರ್-ಎಚ್ ಹಾಕಿದ ಮೇಲೆ ಮುಂದಿನದ್ದೂ ಎರಚಬೇಕು. ಫೋರ್-ಎಲ್ ಹಾಕುವಾಗ ಗಾಡಿ ನಿಲ್ಲಿಸಿ ನ್ಯೂಟ್ರಲ್‌ಗೆ ತನ್ನಿ. ಡ್ಯಾಶ್‌ಬೋರ್ಡಿನ ದೀಪ ಮಿಣುಕುತ್ತಲೇ ಇದ್ದರೆ ಒಳಗೆ ಗೇರ್ ಕೂತಿಲ್ಲ. "ಒಂದು ಸಲಾನೂ ಫೋರ್ ಬೈ ಫೋರ್ ಹಾಕಿಲ್ರೀ" ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ನನಗೆ ಅದೇ ಭಯ. ವರ್ಷಗಟ್ಟಲೆ ಅಲುಗದ್ದು ಹಾಗೇ ಜಾಮ್ ಆಗಿರುತ್ತದೆ. ಟ್ರಾನ್ಸ್‌ಫರ್ ಕೇಸ್, ಮುಂದಿನ ಮತ್ತು ಹಿಂದಿನ ಆಕ್ಸಲ್ ಹೌಸಿಂಗ್, ಮೂರರ ಆಯಿಲ್ ಬೆರಳಿಗೆ ಹಚ್ಚಿ ನೋಡಿ. ಹಾಲು ಬೆರೆಸಿದ ಚಹಾದ ಬಣ್ಣವಿದ್ದರೆ ನೀರು ಹೊಕ್ಕಿದೆ. ನಾಲ್ಕೂ ಟೈರ್ ಒಂದೇ ಸೈಜಿನವು, ಒಂದೇ ರೀತಿ ಸವೆದವು ಆಗಿರಬೇಕು.

ಇನ್ನು ತೂಕ. ಇದನ್ನು ಯಾರೂ ನೋಡುವುದಿಲ್ಲ. ಕಬ್ಬಿನ ನಾಡಿನಲ್ಲಿ ಲಾರಿ ತೂಗುವ ವೇಬ್ರಿಜ್‌ಗೆ ಬರವಿಲ್ಲ, ಅಲ್ವಾ? ಮೊದಲು ಇಡೀ ಗಾಡಿ, ಆಮೇಲೆ ಹಿಂದಿನ ಗಾಲಿಗಳನ್ನಷ್ಟೇ ಹತ್ತಿಸಿ ತೂಗಿಸಿ. ಚೀಟಿಯನ್ನು ಗಾಡಿಗೆ ಕಂಪನಿ ಕೊಟ್ಟ ಒಟ್ಟು ತೂಕದ ಮತ್ತು ಹಿಂದಿನ ಆಕ್ಸಲ್ ತೂಕದ ಮಿತಿಯೊಂದಿಗೆ ಹೋಲಿಸಿ. ನಾವು ನೋಡಿದ ಎರಡನೇ ಗಾಡಿಯಲ್ಲಿ ನೀರಿನ ಟ್ಯಾಂಕ್ ಖಾಲಿ ಇದ್ದಾಗಲೇ ಮಿತಿ ಮುಟ್ಟಲು ಉಳಿದದ್ದು 130 ಕಿಲೋ. ನಾವಿಬ್ಬರು ಹತ್ತಿದರೆ ಅಲ್ಲಿಗೇ ಮುಗಿಯಿತು. 100 ಲೀಟರ್ ನೀರೆಂದರೆ ಇನ್ನೂ 100 ಕಿಲೋ.

ಒಳಗೆ ಅಡುಗೆ ಗ್ಯಾಸ್ ಇದ್ದರೆ ಗಾಳಿಕಿಂಡಿ ನೆಲದ ಮಟ್ಟದಲ್ಲೂ ಇರಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಕೂರುತ್ತದೆ.

ಕೊಲ್ಹಾಪುರ ಹತ್ತಿರವಾದ್ದರಿಂದ ಮಹಾರಾಷ್ಟ್ರದ ಎಂಎಚ್ ನಂಬರಿನ ಗಾಡಿಗಳು ಬೆಳಗಾವಿಗೆ ಬಹಳ ಬರುತ್ತವೆ. ಆಗ ಅಲ್ಲಿನ ಆರ್‌ಟಿಒ ಆಕ್ಷೇಪಣೆ ಇಲ್ಲವೆಂದು ಕೊಡುವ ಫಾರ್ಮ್ 28ರ ಎನ್‌ಒಸಿ ಬೇಕು, ಇಲ್ಲಿ ಟ್ಯಾಕ್ಸ್ ಕಟ್ಟಬೇಕು. ಹೆಸರು ಬದಲಿಸಲು ಫಾರ್ಮ್ 29 ಮತ್ತು 30. ಸಾಲವಿದ್ದರೆ ತೀರಿದ್ದಕ್ಕೆ ಫಾರ್ಮ್ 35. ಚಾಸಿಸ್ ನಂಬರನ್ನು ಆರ್‌ಸಿಯೊಂದಿಗೆ ನೀವೇ ಹೋಲಿಸಿ. ಪೆಟ್ಟಿಗೆ ಕೂರಿಸಿದ ಬದಲಾವಣೆ ಆರ್‌ಸಿಯಲ್ಲಿ ಬರೆದಿದೆಯಾ ಅಂತಲೂ ನೋಡಿ. ಇಲ್ಲದಿದ್ದರೆ ಅಪಘಾತವಾದಾಗ ಇನ್ಶೂರೆನ್ಸ್‌ನವರು ಅದನ್ನೇ ಹಿಡಿಯುತ್ತಾರೆ.

ಮೂರನೆಯ ಗಾಡಿ ಕೊಂಡೆವು. ತೂಕದ ಚೀಟಿ ಮುಂದಿಟ್ಟು 40 ಸಾವಿರ ಇಳಿಸಿದೆ, ಆಮೇಲೆ ಅರ್ಧ ಸಾಮಾನು ಕಿತ್ತು ಹಾಕಿದೆ. ಮಂಚ ಉಳಿಯಿತು, ಹೆಂಡತಿ ಬಿಡಲಿಲ್ಲ. ಸಿಂಕ್ ಹೋಯಿತು. ಈಗ ಚೋರ್ಲಾ ಘಾಟಿನಲ್ಲಿ ಮುಖ ತೊಳೆಯುವುದು ಕ್ಯಾನು ಮತ್ತು ತಂಬಿಗೆಯಿಂದ.