ಕಯಾಕ್‌ನ ಜೆಲ್‌ಕೋಟ್ ಬಿರುಕು: ಹೊರಗೆ ತುಂಬುವ ಮುಂಚೆ ಒಳಗೆ ನೋಡಿ

ಫೈಬರ್‌ಗ್ಲಾಸ್ ಕಯಾಕ್ ದೋಣಿಯ ಹೊರಮೈಗೆ ಬಳಿದ ಜೆಲ್‌ಕೋಟ್ ಅಂದರೆ ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್ (ರಾಳ), ಅಷ್ಟೇ. ಅದರಲ್ಲಿ ಗ್ಲಾಸ್ ಎಳೆ ಇರುವುದಿಲ್ಲ, ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು. ಹಿಂದಿರುವ ಗ್ಲಾಸ್ ಪದರ ಬಾಗುತ್ತದೆ, ಇದು ಬಾಗಲಾರದೆ ಕಟಕ್ ರೊಟ್ಟಿಯ ಹಾಗೆ ಸೀಳುತ್ತದೆ. ಅಲ್ಲಿ ಯಾಕೆ ಬಾಗಿತು ಅನ್ನುವುದನ್ನು ಬಿಟ್ಟು ಬರೀ ಮೇಲೆ ತುಂಬಿದರೆ ಅದೇ ಜಾಗದಲ್ಲಿ ಮತ್ತೆ ಸೀಳು ಬರುತ್ತದೆ.

ಆದ್ದರಿಂದ ನಾನು ಮೊದಲು ಬಿರುಕಿನ ಆಕಾರ ನೋಡುತ್ತೇನೆ. ಒಂದು ಬಿಂದುವಿನಿಂದ ನಕ್ಷತ್ರದಂತೆ ಹರಡಿದ್ದರೆ ಅದು ಪೆಟ್ಟಿನ ಗುರುತು. ಸಾಲಾಗಿ ಒಂದೇ ದಿಕ್ಕಿಗೆ ಗೆರೆ ಎಳೆದಂತಿದ್ದರೆ ಮೈ ಪದೇ ಪದೇ ಬಾಗಿದೆ. ಸೀಟಿನ ಕೆಳಗೆ, ಒಳಗಿನ ಅಡ್ಡಗೋಡೆಯ ಮಗ್ಗಲಿಗೆ, ಕಾರಿನ ಕ್ಯಾರಿಯರ್ ಮೇಲೆ ಬೆಲ್ಟ್ ಬಿಗಿದ ಜಾಗದಲ್ಲಿ ಇದು ಹೆಚ್ಚು. ಬೋಲ್ಟ್ ತೂತಿನ ಸುತ್ತ ಬಂದಿದ್ದರೆ ನಟ್ಟು ಅತಿಯಾಗಿ ಬಿಗಿದಿದ್ದಾರೆ. ಬೇಸಿಗೆಯ ಎರೆಹೊಲದ ಹಾಗೆ ಇಡೀ ಮೈ ಬಿರಿದಿದ್ದರೆ ಜೆಲ್‌ಕೋಟ್ ಬಳಿಯುವಾಗಲೇ ದಪ್ಪವಾಗಿದೆ ಅಥವಾ ಬಿಸಿಲಿಗೆ ಮುದಿಯಾಗಿದೆ. ಅಂಥದ್ದಕ್ಕೆ ಒಂದೊಂದೇ ಗೆರೆ ತುಂಬುತ್ತ ಕೂರುವುದು ದಂಡ. ಉಜ್ಜಿ ತೆಗೆದು ಮತ್ತೆ ಬಳಿಯುವುದೇ ದಾರಿ.

ಆಮೇಲೆ ಎರಡು ರೂಪಾಯಿ ನಾಣ್ಯದಿಂದ ತಟ್ಟಿ ನೋಡಬೇಕು. ಗಟ್ಟಿ ಜಾಗ ಟಣ್ ಅನ್ನುತ್ತದೆ, ಪದರ ಬಿಟ್ಟ ಜಾಗ ಡಬ್ ಅನ್ನುತ್ತದೆ. ಒಳಗಿನಿಂದ ಟಾರ್ಚ್ ಹಿಡಿದಾಗ ಗ್ಲಾಸ್ ಬೆಳ್ಳಗೆ ಮಸುಕಾಗಿ ಕಂಡರೆ ಎಳೆ ರೆಸಿನ್ ಬಿಟ್ಟಿದೆ ಎಂದು ತಿಳಿಯಿರಿ. ಬಿರುಕಿನ ತುದಿ ಎಲ್ಲಿ ಮುಗಿಯುತ್ತದೆ ಎಂದು ಕಾಣಲು ಮಸಿ ಸವರಿ ಒರೆಸಿದರೆ ಸಾಕು. ಕಣ್ಣಿಗೆ ಕಂಡದ್ದಕ್ಕಿಂತ ಅದು ಮುಂದೆ ಹೋಗಿರುತ್ತದೆ.

ಉಣಕಲ್ ಕೆರೆಯಲ್ಲಿ ಆಡಿಸಿ ತಂದ ದೋಣಿಗೆ ಮರುದಿನವೇ ಕೈ ಹಚ್ಚಬಾರದು. ಬಿರುಕಿನೊಳಗಿನ ನೀರು ಆರಲು ನೆರಳು-ಗಾಳಿಯಲ್ಲಿ ನಾಲ್ಕೈದು ದಿನ ಬೇಕು. ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ನಾನು ಈ ಕೆಲಸ ಹಿಡಿಯುವುದೇ ಇಲ್ಲ. ಆರಿದ ಮೇಲೆ ಸೋಪು ನೀರಿನಿಂದ ತೊಳೆದು, ಒಣಗಿಸಿ, ಅಸಿಟೋನ್ ಬಟ್ಟೆಯಿಂದ ಒರೆಸಿ. ಇದನ್ನು ಉಜ್ಜುಕಾಗದ ಮುಟ್ಟುವ ಮೊದಲೇ ಮಾಡಬೇಕು. ಇಲ್ಲದಿದ್ದರೆ ಹಳೇ ವ್ಯಾಕ್ಸ್ ಉಜ್ಜಿದ ಗೀರುಗಳೊಳಗೆ ಸೇರಿ ಹೊಸ ಜೆಲ್‌ಕೋಟ್ ಹಿಡಿಯುವುದಿಲ್ಲ.

ಒಳಮೈ ದುರ್ಬಲವಿದ್ದರೆ ಮೊದಲು ಅಲ್ಲಿ ಪಟ್ಟಿ ಹಾಕಿ. 80 ನಂಬರ್ ಕಾಗದದಿಂದ ಒರಟು ಮಾಡಿ, ಚದರ ಮೀಟರಿಗೆ 300 ಗ್ರಾಂ ತೂಗುವ ಗ್ಲಾಸ್ ಎಳೆಯ ಮ್ಯಾಟ್ ಎರಡು ತುಂಡು: ಒಂದು 15×20 ಸೆಂಮೀ, ಅದರ ಮೇಲೆ 20×25 ಸೆಂಮೀ. ಒಟ್ಟು ಮ್ಯಾಟ್ ತೂಕ 24 ಗ್ರಾಂ; ಎರಡೂವರೆ ಪಟ್ಟು ಅಂದರೆ 60 ಗ್ರಾಂ ರೆಸಿನ್, ಬ್ರಷ್ ಕುಡಿಯುವುದಕ್ಕೆ ಇನ್ನೊಂದು 20. ಎರಡೂ ಒಂದೇ ಅಳತೆಯವಾದರೆ ಅಂಚಿನಲ್ಲಿ ಗಟ್ಟಿ ಮೆಟ್ಟಿಲು ಬಿದ್ದು, ಮುಂದಿನ ಬಿರುಕು ಅದೇ ಅಂಚಿಗೆ ಬರುತ್ತದೆ. ಒಳಗೆ ಪಾಲಿಯೆಸ್ಟರ್ ಬದಲು ಎಪಾಕ್ಸಿ ರೆಸಿನ್ ಬಳಸುವವರು ಅದು ಸೀಳಿನಿಂದ ಹೊರಗೆ ಸೋರದಂತೆ ನೋಡಿಕೊಳ್ಳಿ; ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ ಸರಿಯಾಗಿ ಕೂರುವುದಿಲ್ಲ.

ಇನ್ನು ಹೊರಮೈ. ಕೂದಲೆಳೆ ಬಿರುಕಿನೊಳಗೆ ಜೆಲ್‌ಕೋಟ್ ಇಳಿಯುವುದಿಲ್ಲ, ಅದು ಇಡ್ಲಿ ಹಿಟ್ಟಿನಷ್ಟು ಮಂದ. ಗೆರೆಯುದ್ದಕ್ಕೂ ತೆರೆದು ವಿ ಆಕಾರದ ಕಾಲುವೆ ಮಾಡಲೇಬೇಕು. ಹಳೇ ಸ್ಕ್ರೂಡ್ರೈವರ್ ತುದಿ ಬಾಗಿಸಿ, ಹರಿತ ಮಾಡಿ ಎಳೆದರೂ ಆಗುತ್ತದೆ; ಮಷಿನ್ ಬೇಗ ಮಾಡುತ್ತದೆ, ಕೈ ಜಾರಿದರೆ ಗ್ಲಾಸ್‌ಗೂ ಇಳಿಯುತ್ತದೆ. ಮೇಲೆ 3 ಮಿಲಿಮೀಟರ್ ಅಗಲ, ಗ್ಲಾಸ್ ಕಂಡೊಡನೆ ನಿಲ್ಲಿಸಿ. ಮಸಿ ತೋರಿಸಿದ ತುದಿಯಿಂದ ಅರ್ಧ ಸೆಂಟಿಮೀಟರ್ ಮುಂದಕ್ಕೂ ತೆರೆಯಿರಿ. ದೂಳು ತೆಗೆದು, ಮತ್ತೆ ಅಸಿಟೋನ್ ಒರೆಸಿ, ಸುತ್ತ ಟೇಪ್ ಹಚ್ಚಿ.

ಬಣ್ಣ ಹೊಂದಿಸುವಾಗ ತಾಳ್ಮೆ ಬೇಕು. ಹಳೇ ಬಿಳಿ ಬಿಳಿಯಲ್ಲ, ಹಳದಿಗೆ ತಿರುಗಿರುತ್ತದೆ. ಕಡ್ಡಿ ತುದಿಯಷ್ಟು ಹಳದಿ, ಅದಕ್ಕಿಂತ ಕಡಿಮೆ ಕಪ್ಪು ಪೇಸ್ಟ್ ಸೇರಿಸಿ, ಪಾಲಿಶ್ ಮಾಡಿದ ಜಾಗಕ್ಕೆ ಚುಕ್ಕಿ ಹಚ್ಚಿ ಹಗಲು ಬೆಳಕಿನಲ್ಲಿ ನೋಡಿ. ಬಣ್ಣ ಕೂಡಿದ ಮೇಲಷ್ಟೇ ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್.

ಇಲ್ಲೇ ಹೆಚ್ಚಿನವರು ಕೆಡಿಸುವುದು. 20 ಸೆಂಮೀ ಗೆರೆಗೆ ಚಮಚದಷ್ಟೂ ಜೆಲ್‌ಕೋಟ್ ಬೇಡ, ಆದರೆ 20 ಗ್ರಾಂಗಿಂತ ಕಡಿಮೆ ಕಲಸಿದರೆ ಹಾರ್ಡ್‌ನರ್ ಅಳೆಯಲು ಬರುವುದಿಲ್ಲ. 20 ಗ್ರಾಂಗೆ ಶೇ. 1.5 ಅಂದರೆ 0.3 ಗ್ರಾಂ ಎಂಇಕೆಪಿ (ಹಾರ್ಡ್‌ನರ್ ಅಂದರೆ ಇದೇ), ಸುಮಾರು 0.27 ಮಿಲಿ. 1 ಮಿಲಿಯ ಸಣ್ಣ ಸಿರಿಂಜ್ ಇದಕ್ಕೆ ಸರಿ, ಹನಿ ಎಣಿಸುವುದು ನಂಬಿಕೆಯ ಮಾತಲ್ಲ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿಗೆ ಶೇ. 1 ಸಾಕು, ಅದೂ ಮುಂಜಾನೆ. ಜನವರಿಯಲ್ಲಿ ಬಿಸಿಲೇರುವವರೆಗೆ ಕಾಯಿರಿ. ಥಂಡಿಯಲ್ಲಿ ಹಾರ್ಡ್‌ನರ್ ಹೆಚ್ಚಿಸಿ ಬೇಗ ಮುಗಿಸಲು ಹೋದರೆ ತುಂಬಿದ್ದು ಪೆಡಸಾಗಿ ಮತ್ತೆ ಬಿರಿಯುತ್ತದೆ.

ಗಟ್ಟಿಯಾಗುವುದನ್ನು ಚುರುಕು ಮಾಡುವ ಕೋಬಾಲ್ಟ್ ದ್ರವ ಬೇರೆ ಬಾಟಲಿಯಲ್ಲಿ ಕೊಟ್ಟಿದ್ದರೆ ಅದನ್ನು ಮೊದಲು ರೆಸಿನ್‌ನಲ್ಲಿ ಪೂರ್ತಿ ಕಲಸಿ, ಆಮೇಲೆ ಎಂಇಕೆಪಿ. ಎರಡನ್ನೂ ನೇರವಾಗಿ ಕೂಡಿಸಿದರೆ ಬೆಂಕಿ, ಸ್ಫೋಟ. ಎಂಇಕೆಪಿಗೆ ಅಸಿಟೋನ್ ಬೆರೆಸಿ ತೆಳು ಮಾಡುವುದೂ ಬೇಡ. ಕಣ್ಣಿಗೆ ಹಾರಿದರೆ ದೃಷ್ಟಿ ಹೋಗಬಹುದು; ಕನ್ನಡಕ ಬೇಕೇ ಬೇಕು, ಹಾರಿದರೆ ಕನಿಷ್ಠ 15 ನಿಮಿಷ ನೀರು ಬಿಟ್ಟು ದವಾಖಾನೆಗೆ ಹೋಗಿ.

ತುಂಬುವಾಗ ಮೈಗಿಂತ ತುಸು ಉಬ್ಬಿರಲಿ, ಗಟ್ಟಿಯಾಗುತ್ತ ಕುಗ್ಗುತ್ತದೆ. ಗಾಳಿ ತಾಗಿದ ಮೇಲ್ಪದರ ಅಂಟಂಟಾಗಿಯೇ ಉಳಿಯುವುದರಿಂದ ಗುಳ್ಳೆ ಒತ್ತಿ ತೆಗೆದು ಪ್ಲಾಸ್ಟಿಕ್ ಹಾಳೆ ಮುಚ್ಚಿ ಟೇಪ್ ಹಚ್ಚಿ. ಓಎಚ್‌ಪಿ (ಪ್ರೊಜೆಕ್ಟರ್‌ಗೆ ಹಾಕುವ ಪಾರದರ್ಶಕ) ಹಾಳೆ ಸುಕ್ಕಾಗುವುದಿಲ್ಲ, ಅದು ಉತ್ತಮ. ಮರುದಿನ ಬಿಚ್ಚಿ ಉಗುರು ಒತ್ತಿ. ಗುರುತು ಬಿದ್ದರೆ ಇನ್ನೊಂದು ದಿನ.

ಉಜ್ಜುವಾಗ ಕಾಗದವನ್ನು ಬೆರಳಿಗಲ್ಲ, ಮರದ ತುಂಡಿಗೆ ಸುತ್ತಿ. ಬೆರಳು ಸುತ್ತಲಿನ ಹಳೇ ಜೆಲ್‌ಕೋಟನ್ನೇ ತೋಡುತ್ತದೆ. 320ರಿಂದ ಶುರು, ನಂತರ ನೀರು ಹಾಕಿ 600, 1000, 1500, 2000, ಕೊನೆಗೆ ರಬ್ಬಿಂಗ್ ಕಾಂಪೌಂಡ್. ಕಾಲುವೆಯ ಗೆರೆಯುದ್ದಕ್ಕೂ ಸೂಜಿಮೊನೆಯ ತೂತು ಕಂಡರೆ ಅವು ಗುಳ್ಳೆಗಳು. ಆಗ ವ್ಯಾಕ್ಸ್ ಹಚ್ಚಬೇಡಿ, ಮೊದಲು ಅವನ್ನು ಕೆರೆದು ಹಲ್ಲುಕಡ್ಡಿಯಿಂದ ಮತ್ತೊಮ್ಮೆ ತುಂಬಿ.