ನೋಟಿಸ್ ಬಂದರೂ ಪೋಸ್ಟ್ ಎತ್ತಲಿಲ್ಲ: ನನ್ನ ಅನುಭವ

"ಲಾಯರ್ ನೋಟಿಸ್ ಬಂತಾ? ಪೋಸ್ಟ್ ಎತ್ತಿಬಿಡು, ಸುಮ್ನೆ ಯಾಕೆ ತಲೆನೋವು" ಎಂದವರೇ ಜಾಸ್ತಿ. ನಾನೂ ಮೊದಮೊದಲು ಎತ್ತುತ್ತಿದ್ದೆ, ಈಗ ಬರೀ ನೋಟಿಸಿಗೆ ಎತ್ತುವುದಿಲ್ಲ. ಎರಡು ವರ್ಷದಿಂದ ಯಾರಿಗೂ ಒಂದು ಪೈಸೆ ಪರಿಹಾರ ಕೊಟ್ಟಿಲ್ಲ.

ನಮ್ಮದು ಬೆಂಗಳೂರಿನ ಬಾಡಿಗೆ ಮನೆಗಳ ಬಗ್ಗೆ ಬಾಡಿಗೆದಾರರೇ ಬರೆಯುವ ಪುಟ್ಟ ಆ್ಯಪ್. ವಿಜಯನಗರ, ಬಸವೇಶ್ವರನಗರದವರು ಹೆಚ್ಚು. ಮುಕ್ಕಾಲು ಪಾಲು ದೂರು ಒಂದೇ: ಪೇಂಟಿಂಗ್ ಹೆಸರಲ್ಲಿ ಅಡ್ವಾನ್ಸ್ ಹಿಡಿದುಕೊಂಡರು.

ಮೊದಲು ಕೆಡಿಸಿದ್ದು ನಾನೇ. ಒಬ್ಬರು "ಮನೆ ಬಗ್ಗೆ" ಎಂದು ಸಪ್ಪೆ ಶೀರ್ಷಿಕೆ ಕೊಟ್ಟಿದ್ದರು. ನಾನು "ಅಡ್ವಾನ್ಸ್ ನುಂಗಿದ ಓನರ್" ಎಂದು ಬದಲಾಯಿಸಿದೆ. ಓದುಗರು ಬಂದರು, ಹಿಂದೆಯೇ ನೋಟಿಸೂ ಬಂತು. ಅದರಲ್ಲಿ ದಪ್ಪಕ್ಷರದಲ್ಲಿದ್ದದ್ದು ನನ್ನ ಶೀರ್ಷಿಕೆಯೇ! ಬೇರೆಯವರು ಬರೆದದ್ದಕ್ಕೆ ಆ್ಯಪ್ ನಡೆಸುವವರು ಹೊಣೆಯಲ್ಲ ಎನ್ನುವ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 79ನೇ ಸೆಕ್ಷನ್ ಕಾಪಾಡುವುದು ಆ ಬರಹಕ್ಕೆ ಕೈ ಹಾಕದವರನ್ನು. ಫೀಸು, ರಾಜಿ, ಓಡಾಟ ಸೇರಿ ಸುಮಾರು 60 ಸಾವಿರ ಹೋಯಿತು. ಪದಕ್ಕೆ 20 ಸಾವಿರ.

ಆಮೇಲೆ ಹೆದರಿ, ಯಾರು ನೋಟಿಸ್ ಕಳಿಸಿದರೂ ಅಳಿಸತೊಡಗಿದೆ. ದುಡ್ಡಿದ್ದವರ ಕೈಯಲ್ಲಿ ರಬ್ಬರ್ ಆದೆ. ಬರೆಯುವವರು ಜಾಗ ಖಾಲಿ ಮಾಡಿದರು.

ಇಂಟರ್ನೆಟ್ ಬರಹಗಳ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2015ರ ಶ್ರೇಯಾ ಸಿಂಘಲ್ ತೀರ್ಪನ್ನು ಕೂತು ಓದಿದ್ದು ಆಗಲೇ. ಕೋರ್ಟ್ ಆದೇಶ ಅಥವಾ ಸರ್ಕಾರದ ಸೂಚನೆ ಬಂದರೆ ಮಾತ್ರ ಆ ಬರಹ ಕಾನೂನಿಗೆ ವಿರುದ್ಧ ಎಂದು ನಮಗೆ "ಗೊತ್ತಿತ್ತು" ಎಂದಾಗುತ್ತದೆ, ಖಾಸಗಿ ನೋಟಿಸಿನಿಂದಲ್ಲ. ಆದರೆ ಸುಮ್ಮನೆ ಕೂರುವಂತಿಲ್ಲ. 2021ರ ಐಟಿ ನಿಯಮದಂತೆ ದೂರು ಬಂದ 24 ಗಂಟೆಯೊಳಗೆ ಸ್ವೀಕೃತಿ ಕಳಿಸುತ್ತೇನೆ, 7 ದಿನದೊಳಗೆ ಉತ್ತರ (2026ರ ತಿದ್ದುಪಡಿಗೆ ಮುಂಚೆ 15 ದಿನವಿತ್ತು). ಯಾವ ಸಾಲು ಸುಳ್ಳು ಅಂತ ಕೇಳುತ್ತೇನೆ. ಓನರ್ ಮಾತಿಗೂ ಪೋಸ್ಟಿನ ಕೆಳಗೇ ಅಷ್ಟೇ ಜಾಗ ಕೊಡುತ್ತೇನೆ. ಫೋನ್ ನಂಬರ್, ಹೆಂಗಸರ ಫೋಟೋ ಇದ್ದರೆ ಆದೇಶಕ್ಕೆ ಕಾಯದೆ ತಕ್ಷಣ ತೆಗೆಯುತ್ತೇನೆ. ನನ್ನ ಉತ್ತರದ ಮೂರನೇ ಪ್ಯಾರಾದಲ್ಲಿ ಒಂದು ವಾಕ್ಯವಿದೆ, ಎದುರಿನ ಲಾಯರ್ ಅದನ್ನು ಓದಿ ತಣ್ಣಗಾಗುತ್ತಾರೆ. ಅದನ್ನು ಇಲ್ಲಿ ಬರೆಯಲ್ಲ.

ನಡುವೆ ಬೈಗುಳ ಹಿಡಿಯುವ ಫಿಲ್ಟರನ್ನೂ ಮಾಡಿ ನೋಡಿದೆ. ನಮ್ಮ ಬೈಗುಳಗಳೆಲ್ಲ ಕೊನೆಗೆ "ಮಗ"ನಲ್ಲೇ ಮುಗಿಯುತ್ತವಲ್ಲ, ಅದನ್ನೇ ಹಾಕಿದೆ. "ಓನರ್ ಮಗ ತುಂಬ ಒಳ್ಳೆಯವನು" ಅನ್ನುವ ಪೋಸ್ಟ್ ಎರಡು ದಿನ ಸಿಕ್ಕಿಹಾಕಿಕೊಂಡಿತು. ಅಲ್ಲಿಗೆ ಕೈಬಿಟ್ಟೆ.

ಇಲ್ಲಿವರೆಗೆ ಇಪ್ಪತ್ತು ಚಿಲ್ಲರೆ ನೋಟಿಸ್ ಬಂದಿರಬೇಕು. ಸಿಟಿ ಸಿವಿಲ್ ಕೋರ್ಟಿನಿಂದ ಆದೇಶ ತಂದವರು ಒಬ್ಬರೇ. ಅವತ್ತೇ ಸಂಜೆ ತೆಗೆದೆ, ಪ್ರತಿಯನ್ನು ಮಾತ್ರ ಜೋಪಾನವಾಗಿ ಇಟ್ಟಿದ್ದೇನೆ. ಮೂರ್ನಾಲ್ಕು ಜನ ತಮ್ಮ ಉತ್ತರ ಬರೆದರು. ಒಬ್ಬರು ಪೇಂಟಿಂಗ್ ಬಿಲ್ಲಿನ ಫೋಟೋನೇ ಹಾಕಿದರು. ಬಾಡಿಗೆದಾರರು ಜೂಮ್ ಮಾಡಿ ನೋಡಿದರು: ಅದರಲ್ಲಿ ಓನರ್ ಮನೆಯ ಗೇಟಿನ ಬಣ್ಣವೂ ಸೇರಿತ್ತು.